ಮನೆಯಳಿಯನ ಗಾಳದ ಕೋಲು

"ಅವ್ವನವರೇ, ಇಲ್ಲಿ ನನಗೆ ಏನೂ ಸಿಗುತ್ತಿಲ್ಲ. ಹಿಂದಿನ ಆಶ್ರಮಕ್ಕೇ ಹೋಗಿಬಿಡಲೇ?"

ಕೇಳಿದವಳು ಸುಭದ್ರೆ. ದೊಡ್ಡ ನದಿಯ ದಂಡೆಯ ಆಶ್ರಮದಲ್ಲಿ ಬೆಳೆದವಳು. ಅಲ್ಲಿ ಸಂಜೆಯ ಭಜನೆಗೆ ಊರೇ ಸೇರುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಎದೆ ತುಂಬಿ ಕಣ್ಣೀರು ಹರಿಯುತ್ತಿತ್ತು. ಈ ಗುಡ್ಡದ ಆಶ್ರಮಕ್ಕೆ ಬಂದು ಒಂದು ವರ್ಷವಾಗಿತ್ತು. ಇಲ್ಲಿದ್ದವರು ನಾಲ್ಕಾರು ಜನ. ಭಜನೆ ಇರಲಿಲ್ಲ. ಪಾತ್ರೆ ಬೆಳಗುವುದು, ತರಕಾರಿ ಮಡಿಗೆ ನೀರು ಹಾಯಿಸುವುದು, ಬೆಳಿಗ್ಗೆ ಸಂಜೆ ಸುಮ್ಮನೆ ಕುಳಿತುಕೊಳ್ಳುವುದು, ಇಷ್ಟೇ. ಸುಭದ್ರೆ ಕುಳಿತಳು, ಕಾದಳು. ಏನೂ ಬರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೊರಡುವುದೆಂದು ಮನಸ್ಸು ಮಾಡಿ ಒಪ್ಪಿಗೆ ಕೇಳಲು ಬಂದಿದ್ದಳು.

ಆಶ್ರಮಕ್ಕೆ ಹಿರಿಯರಾದ ಅವ್ವನವರು ಸೊಪ್ಪು ಬಿಡಿಸುತ್ತಿದ್ದರು. ಅವರೂ ಎಲ್ಲಿಂದಲೋ ಬಂದವರೇ. ಬಂದು ಎಷ್ಟು ಕಾಲವಾಯಿತೆಂದರೆ, ಅವರ ಊರು ಯಾವುದೆಂದು ಕೇಳುವವರೂ ಈಗ ಇರಲಿಲ್ಲ.

"ಗಾಳದ ಕೋಲಿನ ತುದಿ ಇರುತ್ತದಲ್ಲ, ತೀರ ಕೊನೆ, ಅದಕ್ಕೆ ನಮ್ಮ ಕಡೆ ಒಂದು ಹೆಸರಿತ್ತು," ಎಂದರು. "ಕೊನೆಗೋಲು... ಅಲ್ಲ. ಕುಡಿಗಡ್ಡಿ ಅಂತಿದ್ದರೋ ಏನೋ. ನಾಲಿಗೆಯ ಮೇಲೇ ಇದೆ, ಬರುತ್ತಿಲ್ಲ. ಇರಲಿ, ತುದಿ ಎಂದೇ ಹೇಳುತ್ತೇನೆ. ಕೂತುಕೋ ತಂಗಿ. ಸೊಪ್ಪು ಬಿಡಿಸುತ್ತಾ ಕೇಳು."

ಸುಭದ್ರೆ ಕುಳಿತು ಒಂದು ಕಂತೆ ಸೊಪ್ಪು ಎಳೆದುಕೊಂಡಳು. ಅವ್ವನವರು ಹೇಳತೊಡಗಿದರು.

ಒಬ್ಬ ಮೀನುಗಾರನಿದ್ದ. ದೊಡ್ಡ ನದಿಯ ದಂಡೆಯಲ್ಲಿ ಹುಟ್ಟಿದವನು. ಆ ನದಿಯ ಮಡುಗಳಲ್ಲಿ ಆಳೆತ್ತರದ ಮೀನುಗಳಿದ್ದವು. ಅಂಥ ಮೀನು ಗಾಳ ಕಚ್ಚಿದರೆ, ಕಚ್ಚಿತೋ ಇಲ್ಲವೋ ಎಂದು ಯಾರೂ ಯೋಚಿಸಬೇಕಾಗಿರಲಿಲ್ಲ. ತೋಳು ಕಿತ್ತು ಬರುವಂತೆ ಜಗ್ಗುತ್ತಿತ್ತು. ಜಗ್ಗಿದ ಮೀನಿನ ಹಿಂದೆ ಗಂಡಸರು ಬಂಡೆಯಿಂದ ಬಂಡೆಗೆ ಓಡುತ್ತಿದ್ದರು. ಅದೇ ಅವನು ಕಂಡ ಬದುಕು.

ಅವನಿಗೆ ಬೆಟ್ಟದ ಮೇಲಿನ ಒಂದು ಮನೆಯಿಂದ ಸಂಬಂಧ ಬಂತು. ಒಬ್ಬಳೇ ಮಗಳು. ಅವಳನ್ನು ಕಳಿಸಿಕೊಟ್ಟರೆ ಬೆಟ್ಟದ ಮಡಿಗಳನ್ನು ನೋಡುವವರಿಲ್ಲ. ಆದ್ದರಿಂದ ಮನೆಯಳಿಯನಾಗಿ ಬರಬೇಕೆಂದು ಕೇಳಿದರು. ಹುಡುಗಿಯನ್ನು ನೋಡಿದ ಮೇಲೆ ಅವನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಹೆಣ್ಣುಮಕ್ಕಳು ತವರು ಬಿಡುವಂತೆ ಅವನು ನದಿ ಬಿಟ್ಟು ಬೆಟ್ಟ ಹತ್ತಿದ.

ಬೆಟ್ಟದಲ್ಲಿ ನದಿಯಿರಲಿಲ್ಲ. ಒಂದು ತೊರೆಯಿತ್ತು. ಎಮ್ಮೆಯೊಂದು ಅಡ್ಡ ಮಲಗಿದರೆ ಹರಿವು ನಿಲ್ಲುವಷ್ಟು ಸಣ್ಣದು. ಮದುವೆಯ ಮರುದಿನ ಅಳಿಯ ಅದರ ದಂಡೆಯಲ್ಲಿ ಬಹಳ ಹೊತ್ತು ನಿಂತಿದ್ದ. ಮಾವ ಬಂದು ಪಕ್ಕದಲ್ಲಿ ನಿಂತ.

"ಇದೇನಾ ನಿಮ್ಮ ಹೊಳೆ?" ಎಂದು ಅಳಿಯ ಕೇಳಿದ.

"ಇದೇ. ವರದಕ್ಷಿಣೆಗೆ ನದಿ ಕೇಳಲಿಲ್ಲವಲ್ಲ ಅಳಿಯಂದಿರು, ನಮ್ಮ ಪುಣ್ಯ," ಎಂದ ಮಾವ.

ಅಳಿಯ ನಕ್ಕ. ಆ ರಾತ್ರಿಯ ನಿದ್ದೆಯಲ್ಲಿ ನದಿ ಹರಿಯಿತು.

ಒಂದೆರಡು ವರ್ಷ ಕಳೆಯಿತು. ಅವನು ಮಡಿ ಅಗೆದ, ಮೂಲಂಗಿ ಕಿತ್ತ, ಹೆಂಡತಿಯೊಡನೆ ನಕ್ಕ, ಜಗಳವಾಡಿದ. ಕೆಲಸದಲ್ಲಿ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಆದರೆ "ನಮ್ಮೂರು" ಎಂದಾಗಲೆಲ್ಲ ಅವನು ಬೆಟ್ಟದ ಕೆಳಗೆ ನೋಡಿ ಹೇಳುತ್ತಿದ್ದ.

ಹೆಂಡತಿ ಬಸುರಿಯಾದಳು. ಮಾವ ಅಟ್ಟದಿಂದ ತೊಟ್ಟಿಲು ಇಳಿಸಿದ, ತೊಳೆದ, ಬಿಸಿಲಿಗಿಟ್ಟ. ಆಗ ಅಳಿಯ ತನ್ನ ಮನೆತನದ ನೇಮ ಹೇಳಿದ. ಅವನ ಕಡೆಯವರು ಒಂದು ನೆಲಕ್ಕೆ ಹೋಗಿ ನೆಲೆಸಿದರೆ, ಅಲ್ಲಿಯ ನೀರಿನಿಂದ ತಮ್ಮ ಕೈಯಾರೆ ಮೀನು ಹಿಡಿದು, ಮನೆಯ ಒಲೆಯ ಮೇಲೆ ಬೇಯಿಸಿ ಉಣ್ಣುವವರೆಗೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಿರಲಿಲ್ಲ. ನೀರು ಒಪ್ಪಿಕೊಳ್ಳದ ಕಡೆ ಮಗುವನ್ನು ತೂಗಬಾರದೆಂದು ಹಿರಿಯರು ಹೇಳಿದ್ದರು.

"ಒಪ್ಪಿಕೊಳ್ಳದಿದ್ದರೆ?" ಎಂದು ಹೆಂಡತಿ ಕೇಳಿದಳು.

"ನಮ್ಮೂರಿಗೆ ಹೋಗೋಣ. ಅಲ್ಲಿ ತೊಟ್ಟಿಲು ಇದೆ."

ಆ ಬೆಟ್ಟದ ಯಾವ ಮಡಿಗೆ ಯಾವಾಗ ಇಬ್ಬನಿ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಬೇರೆ ನೆಲ ಗೊತ್ತಿರಲಿಲ್ಲ.

ಅವನ ಹಳೆಯ ಕೋಲು ಅಣ್ಣನ ಬಳಿ ಉಳಿದಿತ್ತು. ಹೊಸದು ಬೇಕಾಗಿತ್ತು. ಪೇಟೆಯಲ್ಲಿ ಗಾಳದ ಕೋಲು ಕಟ್ಟುವ ಒಬ್ಬನಿದ್ದ. ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ, ರೇಷ್ಮೆ ನೂಲು ಸುತ್ತಿ ಮಾಡಿದ ಕೋಲುಗಳು ಅವನ ಗೋಡೆಗೆ ಒರಗಿದ್ದವು. ದಾರ ಸುತ್ತುವ ರೀಲುಗಳು ಹಲಗೆಯ ಮೇಲಿದ್ದವು. ಗರಿ ಮತ್ತು ನೂಲಿನಿಂದ ಕಟ್ಟಿದ ಹುಸಿನೊಣಗಳು ಒಂದು ಡಬ್ಬಿಯಲ್ಲಿದ್ದವು.

"ಬೆಟ್ಟದ ಮೀನು ಗಾಳಕ್ಕಿಟ್ಟ ರಾಗಿಮುದ್ದೆ ತಿನ್ನುವುದಿಲ್ಲ," ಎಂದ ಕೋಲು ಕಟ್ಟುವವ. "ನೀರ ಮೇಲೆ ಬಂದು ಕೂರುವ ನೊಣ ತಿನ್ನುತ್ತದೆ. ಈ ಹುಸಿನೊಣವನ್ನು ನೊಣ ಕೂತಂತೆ ಕೂರಿಸಬೇಕು. ಅದಕ್ಕೆ ತೆಳ್ಳನೆಯ ಕೋಲೇ ಆಗಬೇಕು."

ಮೀನುಗಾರ ನೊಣವನ್ನು ಒಪ್ಪಿದ. ಕೋಲನ್ನು ಆರಿಸುವುದು ತನಗೆ ಗೊತ್ತು ಎಂದ. ಅವನ ಊರಿನಲ್ಲಿ ಕೋಲು ಆರಿಸುವ ರೀತಿ ಒಂದೇ. ತುಂಬಿದ ಕೊಡವನ್ನು ತುದಿಗೆ ಕಟ್ಟಿ ಎತ್ತಬೇಕು. ಎತ್ತಿದರೆ ಕೋಲು, ಇಲ್ಲದಿದ್ದರೆ ಸೌದೆ. ಅವನು ಅಂಗಡಿಯ ಮೂಲೆಯಲ್ಲಿದ್ದ ಕೊಡವನ್ನು ಎಳೆದು ತಂದು ಒಂದು ಕೋಲಿಗೆ ಕಟ್ಟತೊಡಗಿದ.

"ಅಣ್ಣಾ," ಎಂದ ಕೋಲು ಕಟ್ಟುವವ, "ನೀವು ಬಂದದ್ದು ಮೀನು ಹಿಡಿಯುವುದಕ್ಕೋ, ಬಾವಿಯಿಂದ ನೀರು ಸೇದುವುದಕ್ಕೋ?"

ಮೀನುಗಾರ ಕೇಳಿಸಿಕೊಳ್ಳಲಿಲ್ಲ. ತೆಳ್ಳನೆಯ ಕೋಲು ನೆಲ ಮುಟ್ಟುವಂತೆ ಬಗ್ಗಿತು. ಅದನ್ನು ಬದಿಗಿಟ್ಟ. ಇನ್ನೊಂದು ಬಗ್ಗಿತು. ಅದನ್ನೂ ಇಟ್ಟ. ಕೊನೆಗೆ, ಯಾರೋ ಹೇಳಿ ಮಾಡಿಸಿ ತೆಗೆದುಕೊಂಡು ಹೋಗದೆ ಉಳಿದಿದ್ದ ಒಂದು ದಪ್ಪ ಕೋಲು ಕೊಡವನ್ನು ಎತ್ತಿತು. ಅದು ಅವನಿಗೆ ಹಿಡಿಸಿತು. ರೀಲುಗಳನ್ನೂ ತನ್ನೂರಿನ ರೀತಿಯಲ್ಲೇ ನೋಡಿದ. ದಾರವನ್ನು ಮುಷ್ಟಿಗೆ ಸುತ್ತಿಕೊಂಡು ಬಲ ಹಾಕಿ ಎಳೆದ. ದಾರ ಬಿಟ್ಟುಕೊಟ್ಟ ರೀಲನ್ನೆಲ್ಲ ಬೇಡವೆಂದ. ಜಪ್ಪಯ್ಯ ಅಂದರೂ ಬಿಡದ ಒಂದನ್ನು ಆರಿಸಿಕೊಂಡ.

"ಇದು ದೊಡ್ಡ ನದಿಯ ಸಾಮಾನು," ಎಂದ ಕೋಲು ಕಟ್ಟುವವ.

"ನಾನೂ ದೊಡ್ಡ ನದಿಯವನೇ," ಎಂದ ಮೀನುಗಾರ.

ಆ ಕೋಲನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುವಾಗ ಅವನಿಗೆ ಅಪ್ಪನ ಜೊತೆ ನಡೆಯುತ್ತಿದ್ದಂತೆ ಅನಿಸಿತು. ಅಂಗೈಗೆ ಆ ಭಾರ ಗುರುತಿತ್ತು. ಬೆಟ್ಟಕ್ಕೆ ಬಂದ ಮೇಲೆ ಮೊದಲ ಸಲ ಅವನು ಒಂದು ಹಾಡಿನ ಸಾಲು ಗುನುಗಿದ.

ಮರುದಿನದಿಂದ ಅವನು ತೊರೆಗೆ ಹೋಗತೊಡಗಿದ. ದಪ್ಪ ಕೋಲು ಹಗುರ ದಾರವನ್ನು ತಾನಾಗಿ ಎಸೆಯುವುದಿಲ್ಲ. ಅವನು ತೋಳಿನ ಬಲದಿಂದ ಎಸೆದ. ನೊಣ ನೀರಿನ ಮೇಲೆ ಬಿತ್ತು, ತೇಲಿತು, ಬಂತು. ಕೈಗೆ ಏನೂ ಜಗ್ಗಲಿಲ್ಲ. ಮತ್ತೆ ಎಸೆದ. ಏನೂ ಇಲ್ಲ. ಒಂದೆರಡು ಸಲ ದಾರದ ಕೊನೆಯ ಎಳೆ ತುಂಡಾಯಿತು. ಕಲ್ಲಿಗೆ ಸಿಕ್ಕಿರಬೇಕು ಎಂದುಕೊಂಡ. ನೊಣಗಳ ಗರಿ ಉದುರಿತು. ಪೇಟೆಯವನು ಗಟ್ಟಿಯಾಗಿ ಕಟ್ಟಿಲ್ಲ ಎಂದುಕೊಂಡ. ಹಾಳಾದ ನೊಣಗಳನ್ನು ಡಬ್ಬಿಗೆ ಹಾಕಿ ಹೊಸದನ್ನು ಕಟ್ಟಿಕೊಂಡ.

ಅತ್ತೆ ಅಳಿಯನೊಡನೆ ನೇರವಾಗಿ ಮಾತನಾಡುವವಳಲ್ಲ. ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಿದ್ದಳು. ಅವನು ಬರಿಗೈಯಲ್ಲಿ ಹಿತ್ತಿಲ ಬಾಗಿಲಿಗೆ ಬಂದಾಗಲೆಲ್ಲ, "ಬೆಕ್ಕೇ, ಇವತ್ತೂ ನಿನಗೆ ಮಜ್ಜಿಗೆ ಅನ್ನವೇ ಗತಿ," ಎನ್ನುತ್ತಿದ್ದಳು.

"ನಿಮ್ಮ ತೊರೆಯಲ್ಲಿ ಮೀನಿಲ್ಲ," ಎಂದು ಅವನು ಹೆಂಡತಿಗೆ ಹೇಳಿದ.

"ನಾವು ಚಿಕ್ಕವರಿದ್ದಾಗ ತಿಂದದ್ದು ಏನು ಹಾಗಾದರೆ, ಬದನೆಕಾಯಿಯೇ?"

"ಆಗ ಇದ್ದಿರಬಹುದು."

ಹೀಗೆ ಹೇಳುವಾಗ ಅವನ ದನಿಯಲ್ಲಿ ದುಃಖವಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಮೀನು ಸಿಗದ ಪ್ರತಿದಿನವೂ ನದಿ ಒಂದು ಹೆಜ್ಜೆ ಹತ್ತಿರ ಬರುತ್ತಿತ್ತು. ತಾನು ಹೋಗಬೇಕೆಂದು ಹೋಗುವುದಲ್ಲ, ಈ ನೀರು ಒಪ್ಪಿಕೊಳ್ಳಲಿಲ್ಲವೆಂದು ಹೋಗುವುದು. ಹಾಗೆ ಹೋದರೆ ಯಾರೂ ಬೈಯುವಂತಿಲ್ಲ. ಅವನು ಮತ್ತೆ ಮತ್ತೆ ಗಾಳ ಎಸೆದ. ಏನೂ ಜಗ್ಗದಿದ್ದಾಗ, ಒಳಗೊಳಗೇ, ಹೊರಡುವ ದಾರಿಯನ್ನು ನೆನೆದ. ಯಾವ ತಿರುವಿನಲ್ಲಿ ನದಿಯ ಸದ್ದು ಮೊದಲು ಕೇಳಿಸುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಒಂದು ದಿನ ಹೆಂಡತಿ ಮೂಲಂಗಿ ತೊಳೆಯಲು ತೊರೆಗೆ ಬಂದಳು. ಅವಳಿಗೆ ಐದು ತಿಂಗಳು ತುಂಬಿತ್ತು. ಬುಟ್ಟಿ ಇಳಿಸಿ, ಕಲ್ಲಿನ ಮೇಲೆ ಕುಳಿತು, ಅವನು ಗಾಳ ಎಸೆಯುವುದನ್ನು ನೋಡಿದಳು.

"ಕಚ್ಚಿತು," ಎಂದಳು.

"ಏನು?"

"ಮೀನು. ಕಚ್ಚಿ ಉಗುಳಿಬಿಟ್ಟಿತು. ನಿಮ್ಮ ಕೈಗೆ ಗೊತ್ತಾಗಲಿಲ್ಲವೇ?"

"ನನ್ನ ಕೈಗೆ ಗೊತ್ತಾಗದೆ ಕಚ್ಚುವ ಮೀನು ಇನ್ನೂ ಹುಟ್ಟಿಲ್ಲ."

ಅವಳು ನಕ್ಕಳು. ನಗುತ್ತಿದ್ದವಳು ಸಟ್ಟನೆ ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಬನ್ನಿ ಇಲ್ಲಿ. ಈಗ ಕೈ ಇಡಿ."

ಹಿಂದೆಯೂ ಒಂದೆರಡು ಸಲ ಅವಳು ಹೀಗೆ ಕರೆದಿದ್ದಳು. ಅವನು ಕೈಯಿಟ್ಟು ನೋಡಿದ್ದ, ಏನೂ ತಿಳಿದಿರಲಿಲ್ಲ. ಬಸುರಿಯರಿಗೆ ಏನೇನೋ ಅನಿಸುತ್ತದೆ ಎಂದುಕೊಂಡು ಸುಮ್ಮನಾಗಿದ್ದ. ಈಗಲೂ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಬಂದು ಅಂಗೈಯನ್ನು ಒತ್ತಿದ.

"ಒತ್ತಬೇಡಿ," ಎಂದಳು. "ಆ ಕೋಲನ್ನು ಕೆಳಗಿಡಿ. ಹುಡುಕಬೇಡಿ. ಕೈ ಇಟ್ಟುಕೊಂಡು ಸುಮ್ಮನಿರಿ."

ಅವನು ಕೋಲನ್ನು ಕೆಳಗಿಟ್ಟ. ಸುಮ್ಮನಿದ್ದ. ಬಹಳ ಹೊತ್ತು ಏನೂ ಆಗಲಿಲ್ಲ. ಕೈ ತೆಗೆಯೋಣವೆಂದುಕೊಳ್ಳುವಷ್ಟರಲ್ಲಿ ಅಂಗೈಯ ನಡುವೆ ಏನೋ ಒಂದು ಸಲ ತಟ್ಟಿತು. ತಟ್ಟಿತೋ ಇಲ್ಲವೋ ಎಂಬಷ್ಟು. ಮತ್ತೆ ತಟ್ಟಿತು.

"ಇದೇನಾ?"

"ಇದೇ."

"ಎಂದಿನಿಂದ?"

"ಆಗಲೇ ಬಹಳ ದಿನವಾಯಿತು. ನೀವು ಆನೆ ಒದೆಯಲಿ ಎಂದು ಕಾಯುತ್ತಿದ್ದಿರಿ."

ಅವನು ನಗಲಿಲ್ಲ. ನೀರಿನಲ್ಲಿ ತೇಲುತ್ತಿದ್ದ ದಾರವನ್ನು ಎಳೆದು ತೆಗೆದ. ಕೊನೆಯಲ್ಲಿದ್ದ ನೊಣವನ್ನು ಅಂಗೈಯಲ್ಲಿಟ್ಟು ನೋಡಿದ. ಗರಿ ಉದುರಿತ್ತು. ನೂಲಿನ ಮೇಲೆ ಸೂಜಿಮೊನೆಯಂಥ ಹಲ್ಲಿನ ಗುರುತುಗಳಿದ್ದವು. ಡಬ್ಬಿಯನ್ನು ತೆರೆದ. ಹಾಳಾಗಿವೆಯೆಂದು ಹಾಕಿದ್ದ ನೊಣಗಳನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟ. ಎಲ್ಲದರ ಮೇಲೂ ಅದೇ ಗುರುತು. ಕಲ್ಲಿಗೆ ಸಿಕ್ಕಿ ತುಂಡಾಯಿತೆಂದುಕೊಂಡಿದ್ದ ಎಳೆಗಳು ನೆನಪಾದವು. ಅವನ ರೀಲು ದಾರ ಬಿಟ್ಟುಕೊಟ್ಟಿರಲಿಲ್ಲ. ಓಡಿದ ಮೀನು ಎಳೆ ಹರಿದುಕೊಂಡು ಹೋಗಿತ್ತು.

ಮೊದಲ ದಿನದಿಂದಲೂ ಈ ತೊರೆ ಅವನ ಕೈ ತಟ್ಟುತ್ತಲೇ ಇತ್ತು.

ಹೆಂಡತಿ ಮೂಲಂಗಿ ತೊಳೆದು ಬುಟ್ಟಿ ತುಂಬಿದಳು. ಅವನು ಬುಟ್ಟಿಯನ್ನು ಹೊತ್ತುಕೊಂಡು ಅವಳ ಹಿಂದೆ ಮನೆಗೆ ಬಂದ.

ಆಮೇಲೆ ಎಷ್ಟೋ ದಿನ ಅವನು ತೊರೆಗೂ ಹೋಗಲಿಲ್ಲ, ಪೇಟೆಗೂ ಹೋಗಲಿಲ್ಲ. ಮಾವ ಬಿಸಿಲಿಗಿಟ್ಟಿದ್ದ ತೊಟ್ಟಿಲನ್ನು ಒಳಗೆ ತಂದು ಗೋಡೆಗೆ ಒರಗಿಸಿದ, ಏನೂ ಕೇಳಲಿಲ್ಲ. ಅತ್ತೆಯೂ ಬೆಕ್ಕಿನೊಡನೆ ಮಾತು ನಿಲ್ಲಿಸಿದಳು. ನಡೆದದ್ದನ್ನು ಮಗಳು ಹೇಳಿದ್ದಳೋ ಇಲ್ಲವೋ, ಮನೆಯವರೆಲ್ಲ ಅವನನ್ನು ಅವನ ಪಾಡಿಗೆ ಬಿಟ್ಟರು. ಮೀನಿಲ್ಲವೆಂದು ಹೋಗುವುದು ಸುಲಭವಿತ್ತು. ಮೀನಿದೆಯೆಂದು ತಿಳಿದ ಮೇಲೆ ಹೋದರೆ ಅದು ಬಿಟ್ಟುಹೋಗುವುದು. ಅವನು ಮಡಿ ಅಗೆದ. ಅಗೆಯುತ್ತಾ ನಿಂತು ಬೆಟ್ಟದ ಕೆಳಗೆ ನೋಡಿದ. ಮತ್ತೆ ಅಗೆದ.

ಕೊನೆಗೊಂದು ಬೆಳಿಗ್ಗೆ ಪೇಟೆಗೆ ಇಳಿದ.

ಕೋಲು ಕಟ್ಟುವವ ಅವನನ್ನು ಕಂಡವನೇ ಕೊಡವನ್ನು ಒಳಗೆ ಎತ್ತಿಟ್ಟ.

"ಕೊಡ ಬೇಡ," ಎಂದ ಮೀನುಗಾರ. "ನಿನ್ನಿಂದ ಒಂದು ಉಪಕಾರವಾಗಬೇಕು. ನಾನು ಕಣ್ಣು ಮುಚ್ಚಿ ಕೋಲು ಹಿಡಿಯುತ್ತೇನೆ. ನೀನು ದಾರದ ಕೊನೆಯನ್ನು ಬಾಗಿಲಾಚೆ ಹಿಡಿದುಕೊಂಡು, ನಿನಗೆ ಬೇಕೆನಿಸಿದಾಗ ಒಂದು ಬೆರಳಿನಿಂದ ಮುಟ್ಟು. ಮುಟ್ಟಿದ್ದೇನೆ ಎಂದು ಹೇಳಬೇಡ."

ಕೋಲು ಕಟ್ಟುವವನಿಗೆ ಇಂಥ ಪರೀಕ್ಷೆ ಹೊಸದು. ಆದರೂ ಬಾಗಿಲಾಚೆ ಹೋಗಿ ನಿಂತ. ಮೀನುಗಾರ ಕಣ್ಣು ಮುಚ್ಚಿದ. ಒಂದು ಕೋಲು ಬಾಯಿ ಬಿಡಲಿಲ್ಲ. ಇನ್ನೊಂದು ತಡವಾಗಿ ಹೇಳಿತು. ಮತ್ತೊಂದು ಮುಟ್ಟದಿದ್ದಾಗಲೂ ತಾನಾಗಿ ನಡುಗುತ್ತಿತ್ತು, ಅದನ್ನು ನಂಬುವಂತಿರಲಿಲ್ಲ. ಆಮೇಲೆ ಒಂದು ಕೋಲು ಕೈಗೆ ಬಂತು. ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಅದನ್ನು ಹಿಡಿದು ನಿಂತ.

"ಈಗ," ಎಂದ.

ಬಾಗಿಲಾಚೆಯಿಂದ ಉತ್ತರವಿಲ್ಲ.

"ಈಗ," ಎಂದ ಮತ್ತೆ.

"ಅಣ್ಣಾ, ನಾನು ಊದಿದೆ ಅಷ್ಟೇ, ಮುಟ್ಟಲೇ ಇಲ್ಲ," ಎಂದ ಕೋಲು ಕಟ್ಟುವವ.

ರೀಲನ್ನು ಅವನು ಎರಡು ಬೆರಳಿನಿಂದ ಎಳೆದು ನೋಡಿದ. ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದು ನೋಡಲಿಲ್ಲ. ಬಿಡಲು ಶುರುಮಾಡುವ ಗಳಿಗೆಯಲ್ಲಿ ಜರ್ಕು ಹೊಡೆಯುತ್ತದೆಯೇ ಎಂದು ನೋಡಿದ. ಹೊಳಪಿನ ಒಂದು ರೀಲು ಜರ್ಕು ಹೊಡೆಯಿತು. ಬಣ್ಣ ಮಾಸಿದ ಒಂದು, ಕೇಳಿದ ತಕ್ಷಣ ಕೊಡುವವರಂತೆ ದಾರ ಬಿಟ್ಟಿತು, ಎಳೆಯುವುದನ್ನು ನಿಲ್ಲಿಸಿದ ಕೂಡಲೇ ತಾನೂ ನಿಂತಿತು. ಅದನ್ನು ಆರಿಸಿದ.

ಕೋಲು ಕಟ್ಟುವವ ಎರಡನ್ನೂ ಜೋಡಿಸುತ್ತಾ ಹೇಳಿದ, "ಒಂದು ಮಾತು. ಮುಂದೆ ಯಾವಾಗಲಾದರೂ ನಿಮ್ಮೂರಿಗೆ ಹೋದರೆ ಇದನ್ನು ತೆಗೆದುಕೊಂಡು ಹೋಗಬೇಡಿ. ನಿಮ್ಮ ನದಿಯಲ್ಲಿ ಇದು ಒಂದು ಗಳಿಗೆಯೂ ಬಾಳುವುದಿಲ್ಲ."

ಮೀನುಗಾರ ಕೋಲನ್ನು ತೆಗೆದುಕೊಳ್ಳಲು ಚಾಚಿದ ಕೈಯನ್ನು ಹಾಗೆಯೇ ನಿಲ್ಲಿಸಿದ. ನದಿಯನ್ನು ಬಿಟ್ಟು ಬಂದ ದಿನ ಅವನು ಮದುಮಗನಾಗಿದ್ದ. ವಾದ್ಯದ ಸದ್ದಿನಲ್ಲಿ ಬಿಟ್ಟದ್ದೇ ತಿಳಿದಿರಲಿಲ್ಲ. ಇಲ್ಲಿ ವಾದ್ಯವಿರಲಿಲ್ಲ. ಒಂದು ತೆಳ್ಳನೆಯ ಕೋಲಿತ್ತು, ಅದನ್ನು ಹಿಡಿದುಕೊಂಡು ನಿಂತ ಒಬ್ಬ ಅಂಗಡಿಯವನಿದ್ದ.

"ಗೊತ್ತು. ಕೊಡು," ಎಂದ.

ಮರುದಿನ ತೊರೆಗೆ ಹೋದ. ಹೆಂಡತಿಯೂ ಹಿಂದೆಯೇ ಬಂದು ಸ್ವಲ್ಪ ದೂರದಲ್ಲಿ ಕುಳಿತಳು. ಅವನು ತೋಳಿನ ಬಲ ಹಾಕಲಿಲ್ಲ. ಕೋಲು ತಾನೇ ದಾರವನ್ನು ಒಯ್ದು ನೊಣವನ್ನು ನೀರಿನ ಮೇಲೆ ಕೂರಿಸಿತು. ತುದಿ ಒಮ್ಮೆ ತಲೆಯಾಡಿಸಿತು. ಅವನು ಎತ್ತಿದ. ಮೀನು ಓಡಿತು. ರೀಲು ಕೊಟ್ಟಿತು. ಮೀನು ನಿಂತಿತು. ರೀಲು ನಿಂತಿತು. ಹೀಗೆ ಸ್ವಲ್ಪ ಹೊತ್ತು ನಡೆದು, ಮೈತುಂಬ ಚುಕ್ಕೆಗಳಿದ್ದ ಒಂದು ಮೀನು ದಂಡೆಗೆ ಬಂತು. ಗೇಣುದ್ದವೂ ಇರಲಿಲ್ಲ.

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಂಡತಿಗೆ ಬೆನ್ನು ಮಾಡಿ ಒದ್ದೆ ಹುಲ್ಲಿನ ಮೇಲೆ ಕುಳಿತುಬಿಟ್ಟ. ಹೆಂಡತಿ ಕರೆಯಲಿಲ್ಲ. ತಾನಾಗಿ ಎದ್ದು ಬರುವವರೆಗೆ ಕಾದಳು.

ಅತ್ತೆ ಒಲೆ ಹೊತ್ತಿಸಿದಳು. ಮೀನು ಚಿಕ್ಕದು, ಎಲ್ಲರ ಎಲೆಗೂ ಒಂದೊಂದು ಚೂರು ಬಂತು. "ಬೆಕ್ಕೇ, ಮುಳ್ಳು ನಿನಗೆ," ಎಂದಳು ಅತ್ತೆ. ಉಂಡು ಕೈತೊಳೆದ ಮೇಲೆ ಮಾವ ತೊಲೆಗೆ ಹಗ್ಗ ಎಸೆದ. ಇನ್ನೊಂದು ತುದಿಯನ್ನು ಅಳಿಯ ಹಿಡಿದುಕೊಂಡ. ಇಬ್ಬರೂ ಸೇರಿ ತೊಟ್ಟಿಲು ಕಟ್ಟಿದರು.

ಅವ್ವನವರು ಇಲ್ಲಿಗೆ ನಿಲ್ಲಿಸಿ, ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿದರು.

ಸುಭದ್ರೆಯ ಕೈಯಲ್ಲಿದ್ದ ಕಂತೆ ಹಾಗೆಯೇ ಇತ್ತು. ಅವಳು ಒಂದು ದಂಟನ್ನೂ ಮುರಿದಿರಲಿಲ್ಲ. ಈ ಒಂದು ವರ್ಷದಲ್ಲಿ, ಮಡಿಗೆ ನೀರು ಹಾಯಿಸುವಾಗಲೋ ಪಾತ್ರೆ ಬೆಳಗುವಾಗಲೋ, ತನ್ನನ್ನು ಏನಾದರೂ ತಟ್ಟಿತ್ತೇ ಎಂದು ಅವಳು ನೆನಪು ಮಾಡಿಕೊಳ್ಳುತ್ತಿದ್ದಳು. ಇತ್ತು ಎನಿಸಿತು. ಇರಲಿಲ್ಲ ಎಂದೂ ಅನಿಸಿತು. ಆದರೆ ಅವಳನ್ನು ಕಾಡುತ್ತಿದ್ದದ್ದು ಬೇರೆಯೇ ಒಂದು ಪ್ರಶ್ನೆ. ಅದನ್ನು ಕೇಳದೆ ಏಳುವುದು ಅವಳಿಂದಾಗಲಿಲ್ಲ.

"ಆಮೇಲೆ ಅವನಿಗೆ ನದಿಯ ಹಂಬಲ ಹೋಯಿತೇ, ಅವ್ವನವರೇ?"

"ಎಲ್ಲಿ ಹೋಗುತ್ತದೆ ತಂಗಿ? ಇಲ್ಲಿಯ ಮೊದಲ ಮೀನು ಅಂಗೈಯಲ್ಲಿ ಮಿಡುಕಿದ ಆ ಗಳಿಗೆಯಲ್ಲೇ, ಎಂದೂ ಬಾರದಷ್ಟು ಹಂಬಲ ಬಂತು."